120 ಸಲ ತೆರೆದ ಪುಟ, ನಾಲ್ಕು ಬೇರೆ ಬೇರೆ ಲೆಕ್ಕ

ನಮ್ಮ ದೊಡ್ಡಪ್ಪನ ದಲಾಲಿ ಅಂಗಡಿ ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿದೆ. ಅಲ್ಲಿನ ಮೆಕ್ಕೆಜೋಳ, ಭತ್ತದ ರೇಟು, ಜೊತೆಗೆ ಚನ್ನಗಿರಿ ಕಡೆಯ ಅಡಿಕೆ ರೇಟು, ಇಷ್ಟನ್ನು ದಿನಾ ಸಂಜೆ 4ರ ಹೊತ್ತಿಗೆ ಒಂದು ಪುಟಕ್ಕೆ ಹಾಕುವ ಸಣ್ಣ ವೆಬ್‌ಸೈಟ್ ಒಂದನ್ನು ಮೂರು ವರ್ಷದಿಂದ ನಡೆಸ್ತಾ ಇದ್ದೇನೆ. ಸೈಟಿನ ಒಳಗೆ ದೊಡ್ಡದೇನೂ ಇಲ್ಲ. ಬಾಡಿಗೆ ಸರ್ವರ್, ಅದರ ಮೇಲೆ ಕೇಳಿದವರಿಗೆ ಪುಟ ಕಳಿಸುವ ಎಂಜಿನ್‌ಎಕ್ಸ್ ಅನ್ನೋ ಪ್ರೋಗ್ರಾಂ, ಅದರೊಳಗೆ ಬರೀ ಎಚ್‌ಟಿಎಂಎಲ್ ಪುಟಗಳು. ಹಳ್ಳಿ ಕಡೆ ನೆಟ್ ಸರಿಯಾಗಿ ಸಿಗಲ್ಲ, ಅದಕ್ಕೇ ಪುಟ ಹಗುರವಾಗಿರಬೇಕು ಅಂತ ಮೊದಲಿಂದಲೂ ಹಟ ಹಿಡಿದಿದ್ದೆ.

ಈ ಸಲ ಮುಂಗಾರಿಗೆ ಮುಂಚೆ ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಜಾಹೀರಾತು ಹಾಕೋಣ ಅಂತ ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ದಿನಕ್ಕೆ ಎಷ್ಟು ಮಂದಿ ನೋಡ್ತಾರೆ ತಮ್ಮಾ? ಅದನ್ನ ಹೇಳು, ರೊಕ್ಕದ ಮಾತು ಆಮೇಲೆ."

ಸಂಜೆ ಹೇಳ್ತೀನಿ ಅಣ್ಣಾ ಅಂದು ಮನೆಗೆ ಬಂದು ಲೆಕ್ಕ ತೆಗೆದೆ. ಯಾರು ಯಾವ ಪುಟ ಕೇಳಿದರು ಅಂತ ಸರ್ವರ್ ಸಾಲು ಸಾಲಾಗಿ ಬರೆದಿಡುವ ಲಾಗ್‌ನಲ್ಲಿ ಹಿಂದಿನ ದಿನ ಪುಟ ಕೇಳಿದ ಸಾಲುಗಳು 4,386. ಪುಟದೊಳಗೆ ಸ್ಕ್ರಿಪ್ಟ್ ಇಟ್ಟು ಪುಟ ತೆರೆದದ್ದನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಅದೇ ದಿನ 802. ಐದು ಪಟ್ಟು ವ್ಯತ್ಯಾಸ! ದೊಡ್ಡದನ್ನು ಹೇಳಿದರೆ ಅವರಿಗೆ ಮೋಸ, ಚಿಕ್ಕದನ್ನು ಹೇಳಿದರೆ ನನಗೆ ನಷ್ಟ. ಯಾವುದು ನಿಜ ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಂಖ್ಯೆಗೆ ದುಡ್ಡು ಇಸಿದುಕೊಳ್ಳೋದು ಬೇಡ ಅನ್ನಿಸಿ ಅವರ ಹತ್ತಿರ ಎರಡು ವಾರ ಟೈಮ್ ಕೇಳಿದೆ. ಆ ಎರಡು ವಾರ ಸ್ವಲ್ಪ ಎಳೆದು ಮೂರು ವಾರ ಆಯಿತು. ಅಷ್ಟರಲ್ಲಿ ಏನೇನು ಮಾಡಿದೆ ಅಂತ ಇಲ್ಲಿ ಬರೆದಿಡ್ತಿದ್ದೇನೆ.

ಮೊದಲು ಕೈ ಹಾಕಿದ್ದು ಲಾಗಿಗೆ. ಲಾಗಿನ ಒಂದೊಂದು ಸಾಲಿನಲ್ಲೂ ಐಪಿ ವಿಳಾಸ (ನೆಟ್‌ನಲ್ಲಿ ಆ ಸಂಪರ್ಕದ ನಂಬರ್), ಹೊತ್ತು, ಕೇಳಿದ ಪುಟ, ಸರ್ವರ್ ಕೊಟ್ಟ ಉತ್ತರದ ಸಂಖ್ಯೆ, ಎಷ್ಟು ಬೈಟ್ ಹೋಯಿತು, ಎಲ್ಲಿಂದ ಬಂದರು, ಯಾವ ಬ್ರೌಸರ್ ಇಷ್ಟು ಇರುತ್ತದೆ. ಇದನ್ನು ಗೋಆಕ್ಸೆಸ್ ಅಂತ ಒಂದು ಸಣ್ಣ ಉಚಿತ ಪ್ರೋಗ್ರಾಂಗೆ ಕೊಟ್ಟರೆ ಚಂದದ ಪಟ್ಟಿ ಮಾಡಿಕೊಡುತ್ತದೆ. ಆದರೆ ಪಟ್ಟಿ ನೋಡುವ ಮುಂಚೆ ಸಾಲುಗಳನ್ನೇ ಒಂದು ಸಲ ಕಣ್ಣಾರೆ ಓದಿ. ನಾನು ಅರ್ಧ ದಿನ ಕೂತು ಓದಿದೆ, ಅದೇ ಜಾಸ್ತಿ ಕಲಿಸಿತು.

4,386ರಲ್ಲಿ 1,120 ಸಾಲುಗಳು ನನ್ನ ಸೈಟಿನಲ್ಲಿ ಇಲ್ಲವೇ ಇಲ್ಲದ ಪುಟಗಳಿಗೆ. ಸೈಟ್ ಕಟ್ಟೋಕೆ ಬಹಳ ಜನ ಬಳಸುವ ವರ್ಡ್‌ಪ್ರೆಸ್ಸಿನ ಲಾಗಿನ್ ಪುಟ ಇದೆಯಾ, ಪಾಸ್‌ವರ್ಡ್ ಇಟ್ಟ ಫೈಲ್ ಇದೆಯಾ ಅಂತ ಬಾಗಿಲು ತಟ್ಟುತ್ತಾ ಹೋಗುವ ಪ್ರೋಗ್ರಾಂಗಳು. ನನ್ನದು ವರ್ಡ್‌ಪ್ರೆಸ್ ಅಲ್ಲವೇ ಅಲ್ಲ, ಆದರೂ ದಿನಾ ಬರುತ್ತವೆ. ಇನ್ನು 1,304 ಸಾಲುಗಳು ತಾವು ಬಾಟ್ (ತಾನಾಗಿಯೇ ಪುಟ ಓದುತ್ತಾ ಹೋಗುವ ಪ್ರೋಗ್ರಾಂ) ಅಂತ ಹೆಸರು ಹೇಳಿಕೊಂಡೇ ಬಂದವು. ಗೂಗಲ್‌ಬಾಟ್, ಬಿಂಗ್‌ಬಾಟ್, ಎಐ ಕಂಪನಿಗಳ ಬಾಟ್‌ಗಳು, ಹೀಗೆ. ಆಮೇಲೆ ಒಂದೇ ಐಪಿಯಿಂದ ಸರಿಯಾಗಿ 5 ನಿಮಿಷಕ್ಕೊಂದರಂತೆ 288 ಸಾಲು ಕಂಡವು. ಯಾರಪ್ಪಾ ಇದು ಅಂತ ಹುಡುಕಿದರೆ, ಸೈಟ್ ಬಿದ್ದರೆ ತಿಳಿಸಲಿ ಅಂತ ನಾನೇ ಹಿಂದಿನ ವರ್ಷ ಹಚ್ಚಿಟ್ಟ ಕಾವಲು ಸೇವೆ. 5 ನಿಮಿಷಕ್ಕೊಂದು ಅಂದರೆ ದಿನಕ್ಕೆ 288, ಲೆಕ್ಕ ಸರಿಯಾಗಿಯೇ ಇದೆ.

ಆಮೇಲೆ ಸಿಕ್ಕಿದ್ದು ವಾಟ್ಸಾಪ್. ನಮ್ಮ ಲಿಂಕು ಹರಡೋದೇ ರೈತರ ವಾಟ್ಸಾಪ್ ಗುಂಪುಗಳಲ್ಲಿ. ಯಾರಾದರೂ ಲಿಂಕ್ ಅಂಟಿಸಿದ ಕೂಡಲೇ ಕೆಳಗೆ ಸಣ್ಣ ಚಿತ್ರ, ತಲೆಬರಹ ಬರುತ್ತದಲ್ವಾ? ಅದನ್ನು ತೋರಿಸೋದಕ್ಕೆ ಕಳಿಸುವವರ ಫೋನಿನ ವಾಟ್ಸಾಪ್ಪೇ ಹಿಂದಿನಿಂದ ನಮ್ಮ ಪುಟವನ್ನು ಒಂದು ಸಲ ತರಿಸಿಕೊಳ್ಳುತ್ತದೆ. ಲಾಗಿನಲ್ಲಿ ಬ್ರೌಸರ್ ಹೆಸರಿನ ಜಾಗದಲ್ಲಿ ವಾಟ್ಸಾಪ್ ಅಂತಲೇ ಬೀಳುತ್ತದೆ. ಪುಟವನ್ನು ಯಾರೂ ಓದಿರಲ್ಲ, ಆದರೆ ಸಾಲು ಮಾತ್ರ ಇರುತ್ತದೆ. ಅಂಥವು 391.

ಇವನ್ನೆಲ್ಲ ಕಳೆದರೆ ಉಳಿದದ್ದು 1,283. ಅದರಲ್ಲೂ 214 ಸಾಲು ಅನುಮಾನ ಬಂತು. ಹೆಸರು ಹಳೇ ಕ್ರೋಮ್ ಅಂತ, ಆದರೆ ಎರಡು ಸೆಕೆಂಡಿನಲ್ಲಿ ಹತ್ತಿಪ್ಪತ್ತು ಪುಟ ಎಳೆದಿವೆ, ಪುಟದ ಬಣ್ಣ, ಅಂದ ಹೇಳುವ ಸಿಎಸ್‌ಎಸ್ ಫೈಲ್ ಒಂದನ್ನೂ ಕೇಳಿಲ್ಲ. ಮನುಷ್ಯನ ಕೈಯಲ್ಲಿರುವ ಬ್ರೌಸರ್ ಮೊದಲ ಸಲ ಬಂದಾಗ ಸಿಎಸ್‌ಎಸ್ ಕೇಳದೇ ಇರಲ್ಲ. ಅವನ್ನೂ ತೆಗೆದೆ. 1,069.

ಇಲ್ಲಿಗೆ ಖುಷಿಪಡಬಹುದಿತ್ತು. ಆದರೆ ಗಂಟೆ ಗಂಟೆಯ ಪಟ್ಟಿ ನೋಡಿದಾಗ ಇನ್ನೊಂದು ಕಂಡಿತು. ನಾನು ರೇಟು ಹಾಕೋದು ಸಂಜೆ 4ಕ್ಕೆ. ಲಾಗ್ ಹೇಳುತ್ತೆ, ಜಾಸ್ತಿ ಜನ ಬಂದದ್ದು ಬೆಳಗ್ಗೆ 10:30ರಿಂದ ಆಚೆಗೆ. ರೇಟೇ ಬಂದಿರದ ಹೊತ್ತಿಗೆ ಹೆಂಗೆ ಬರ್ತಾರೆ? ಸರ್ವರ್ ಗಡಿಯಾರ ಯುಟಿಸಿ ಅನ್ನೋ ವಿಶ್ವ ಸಮಯದಲ್ಲಿತ್ತು. ನಮ್ಮ ಹೊತ್ತಿಗಿಂತ ಐದೂವರೆ ಗಂಟೆ ಹಿಂದೆ. ಗೂಗಲ್ ಲೆಕ್ಕ ಭಾರತದ ಹೊತ್ತಿನಲ್ಲಿತ್ತು. ಅಂದರೆ ನಾನು "ಒಂದು ದಿನ" ಅಂತ ಹೋಲಿಸಿದ್ದು ಒಂದೇ ದಿನವೇ ಅಲ್ಲ. ಬೆಳಗಿನ ಜಾವ 5ಕ್ಕೆ ಎದ್ದು ರೇಟು ನೋಡುವ ರೈತ ಲಾಗಿನಲ್ಲಿ ಹಿಂದಿನ ದಿನಕ್ಕೆ ಸೇರುತ್ತಿದ್ದ. ಸರ್ವರ್ ಹೊತ್ತನ್ನು ಕೋಲ್ಕತ್ತ ಹೊತ್ತಿಗೆ (ಸರ್ವರಿನಲ್ಲಿ ಭಾರತದ ಹೊತ್ತಿಗೆ ಇರುವ ಹೆಸರು) ಬದಲಿಸಿ, ಎಂಜಿನ್‌ಎಕ್ಸ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಮೇಲಿನ ಸಂಖ್ಯೆಗಳನ್ನೂ ನಮ್ಮ ಹೊತ್ತಿನ ಪ್ರಕಾರ ಮತ್ತೆ ಕತ್ತರಿಸಿ ಎಣಿಸಿಯೇ ಇಲ್ಲಿ ಬರೆದಿದ್ದೇನೆ. ಇದನ್ನು ಯಾರಾದರೂ ಮಾಡುವವರಿದ್ದರೆ ಮೊದಲ ಕೆಲಸ ಇದೇ ಆಗಲಿ.

ಇಷ್ಟಾದರೂ 1,069 ಸರಿಯೋ 802 ಸರಿಯೋ ಅನ್ನೋ ಪ್ರಶ್ನೆ ಹಾಗೇ ಇತ್ತು. ಎರಡು ತಕ್ಕಡಿ ಬೇರೆ ಬೇರೆ ತೂಕ ತೋರಿಸಿದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುತ್ತಾ ಕೂತರೆ ಏನೂ ಗೊತ್ತಾಗಲ್ಲ. ತೂಕ ಗೊತ್ತಿರುವ ಕಲ್ಲು ಒಂದನ್ನು ಎರಡರ ಮೇಲೂ ಇಡಬೇಕು. ಯಾರ್ಡಿನಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಸರಿ, ಎಷ್ಟು ಸಲ ತೆರೆದಿದ್ದೇವೆ ಅಂತ ನಮಗೇ ಗೊತ್ತಿರುವ ಹಾಗೆ ನಾವೇ ತೆರೆದು ನೋಡೋಣ ಅಂತ ತೀರ್ಮಾನ ಮಾಡಿದೆ.

ಅದಕ್ಕೆ ಮುಂಚೆ ಇನ್ನೆರಡು ಲೆಕ್ಕದ ದಾರಿಗಳನ್ನು ಕಟ್ಟಿದೆ. ಒಂದು ಹಳೇ ಕಾಲದ ಪಿಕ್ಸೆಲ್. ಪುಟದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದೇ ಚುಕ್ಕೆಯ ಚಿತ್ರ. ಪುಟ ತೆರೆದಾಗ ಬ್ರೌಸರ್ ಅದನ್ನು ಕೇಳುತ್ತದೆ, ಕೇಳಿದ್ದನ್ನು ಬೇರೆ ಫೈಲಿನಲ್ಲಿ ಬರೆದುಕೊಳ್ಳೋದು. ಎಂಜಿನ್‌ಎಕ್ಸ್‌ನಲ್ಲಿ ಇದಕ್ಕಂತಲೇ ಎಂಪ್ಟಿ ಜಿಫ್ ಅಂತ ಒಂದು ಮಾಡ್ಯೂಲ್ ಇದೆ, 43 ಬೈಟಿನ ಚಿತ್ರವನ್ನು ಮೆಮೊರಿಯಿಂದಲೇ ಕೊಟ್ಟುಬಿಡುತ್ತದೆ. ಎರಡನೇದು ನನ್ನದೇ ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರಿನೊಳಗೆ ಓಡುವ ಸಣ್ಣ ಪ್ರೋಗ್ರಾಂ. ಹತ್ತು ಸಾಲು ಅಷ್ಟೇ. ಪುಟ ತೆರೆದ ಕೂಡಲೇ ಬ್ರೌಸರಿನಲ್ಲೇ ಇರುವ ಸೆಂಡ್‌ಬೀಕನ್ ಅನ್ನೋ ಸೌಲಭ್ಯದ ಮೂಲಕ ನನ್ನ ಸರ್ವರಿಗೇ ಒಂದು ಸಣ್ಣ ಸುದ್ದಿ ಕಳಿಸುತ್ತದೆ, ಸರ್ವರ್ 204 ಅಂತ ಖಾಲಿ ಉತ್ತರ ಕೊಡುತ್ತದೆ. ಬಂದವರ ಗುರುತಿಗೆ ಅವರ ಬ್ರೌಸರಿನಲ್ಲಿ ಇಡುವ ಕುಕಿ ಇಲ್ಲ, ಎಣಿಕೆ ಬರೆಯುವ ಫೈಲಿನಲ್ಲಿ ಐಪಿ ಕೂಡ ಬರೆಯಲ್ಲ. ಹೊತ್ತು, ಪುಟ, ಇಷ್ಟೇ.

ಪಿಕ್ಸೆಲ್ ಮೊದಲ ದಿನವೇ ಕೈ ಕೊಟ್ಟಿತು. ನನ್ನ ಫೋನಿನಲ್ಲಿ ಒಂದು ಸಲ ತೆರೆದೆ, ಸಾಲು ಬಿತ್ತು. ಮತ್ತೆ ತೆರೆದೆ, ಇಲ್ಲ. ಮಾರನೇ ದಿನ ತೆರೆದೆ, ಆಗಲೂ ಇಲ್ಲ. ಫೈಲಿನ ಜೊತೆ ಸರ್ವರ್ ಕಳಿಸುವ ಸೂಚನೆಗಳನ್ನು, ಅಂದರೆ ಹೆಡರ್‌ಗಳನ್ನು, ತೆಗೆದು ನೋಡಿದಾಗ ಗೊತ್ತಾಯಿತು. ಚಿತ್ರದ ಜೊತೆ ಲಾಸ್ಟ್-ಮಾಡಿಫೈಡ್ (ಕೊನೆಗೆ ಬದಲಾದದ್ದು) ಅಂತ ಒಂದು ದಿನಾಂಕ ಹೋಗುತ್ತಿತ್ತು: 1970ರ ಸೆಪ್ಟೆಂಬರ್ 28. ಇದು ಆ ಮಾಡ್ಯೂಲಿನ ಒಳಗೇ ಬರೆದಿಟ್ಟಿರುವ ದಿನಾಂಕ. ಒಂದು ಫೈಲನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಸರ್ವರ್ ಹೇಳದೇ ಇದ್ದರೆ ಬ್ರೌಸರ್ ತಾನೇ ಅಂದಾಜು ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಫೈಲಿನ ವಯಸ್ಸಿನ ಹತ್ತನೇ ಒಂದು ಭಾಗ. 1970ರ ಚಿತ್ರ ಅಂದರೆ ವಯಸ್ಸು ಐವತ್ತು ದಾಟಿದೆ, ಹಂಗಾಗಿ ಇನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಕೇಳುವ ಅಗತ್ಯವೇ ಇಲ್ಲ ಅಂತ ಬ್ರೌಸರ್ ಅಂದುಕೊಂಡಿತ್ತು! ನೋ-ಸ್ಟೋರ್ (ಇಟ್ಟುಕೊಳ್ಳಬೇಡ) ಅಂತ ಒಂದು ಹೆಡರ್ ಸೇರಿಸಿದೆ, ಸರಿಹೋಯಿತು. ಒಂದೇ ಸಾಲಿನ ರಿಪೇರಿ. ಆದರೆ ಇದನ್ನು ನೋಡದೇ ಬಿಟ್ಟಿದ್ದರೆ, ದಿನಾ ಬರುವ ಜನ ಲೆಕ್ಕಕ್ಕೇ ಸಿಗದೆ ಹೊಸಬರು ಮಾತ್ರ ಕಾಣುತ್ತಿದ್ದರು. ನಾನು ಸೈಟಿಗೆ ಬರುವವರು ಕಮ್ಮಿಯಾಗುತ್ತಿದ್ದಾರೆ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ.

ಮೊದಲ ಭಾನುವಾರ ಪರೀಕ್ಷೆ. 12 ಫೋನು, 11 ಮಂದಿ. ಅತ್ತೆ ಮಗನ ಹತ್ತಿರ ಎರಡು ಫೋನ್ ಇವೆ, ಅದಕ್ಕೆ. ಐದು ಫೋನುಗಳು ವಿದ್ಯಾನಗರದ ನಮ್ಮ ಮನೆಯಲ್ಲೇ, ಒಂದೇ ವೈಫೈ ಮೇಲೆ. ಅತ್ತೆ ಮಗ ಬೇಕಂತಲೇ ಹರಿಹರದ ಬಸ್ಸು ಹತ್ತಿದ, ದಾರಿಯಲ್ಲಿ ಟವರ್ ಬದಲಾಗಲಿ ಅಂತ. ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿರೋ ಗೆಳೆಯನೊಬ್ಬ ಅವನ ಹೊಲದಿಂದ ತೆರೆದ, ಅಲ್ಲಿ ಸಿಗ್ನಲ್ ಒಂದು ಗೀಟು ಬಂದರೆ ದೊಡ್ಡದು. ಇಬ್ಬರು ಗೆಳೆಯರು ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಜಾಹೀರಾತು, ಎಣಿಕೆ ತಡೆಯುವ ಯೂಬ್ಲಾಕ್ ಆರಿಜಿನ್ ಹಾಕಿಕೊಂಡವರು, ಅವರನ್ನೂ ಬೇಕಂತಲೇ ಸೇರಿಸಿಕೊಂಡೆ. ಪ್ರತಿ ಫೋನಿಗೂ ಕೊನೆಯಲ್ಲಿ ಅದರದೇ ನಂಬರ್ ಇರುವ ಲಿಂಕ್ ಕಳಿಸಿದೆ, ಲಾಗಿನಲ್ಲಿ ಯಾವ ಸಾಲು ಯಾವ ಫೋನಿನದು ಅಂತ ಗೊತ್ತಾಗಲಿ ಅಂತ. ಪ್ರತಿಯೊಬ್ಬರೂ ಹತ್ತು ಸಲ ತೆರೆಯಬೇಕು. ಹೊಸದಾಗಿ ಒಂದು ಸಲ, ಐದು ನಿಮಿಷದೊಳಗೆ ಅದೇ ಲಿಂಕು ಮತ್ತೊಂದು ಸಲ, ಬೇರೆ ಸೈಟಿಗೆ ಹೋಗಿ ಬ್ಯಾಕ್ ಒತ್ತಿ ಒಂದು ಸಲ, ರಿಫ್ರೆಶ್ ಮಾಡಿ ಒಂದು ಸಲ, ಡೇಟಾದಲ್ಲಿ, ವೈಫೈಯಲ್ಲಿ, ಹೀಗೆ. ಮೂವರಿಗೆ ಇನ್‌ಕಾಗ್ನಿಟೊದಲ್ಲೂ (ಹಳೇ ಕುಕಿ ಬಳಸದ ಗುಪ್ತ ಕಿಟಕಿ) ತೆರೀರಿ ಅಂದೆ.

ಎಲ್ಲವನ್ನೂ ದೊಡ್ಡಪ್ಪನ ಅಂಗಡಿಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಬರೆದೆವು. ದೂರ ಇದ್ದವರು ಫೋನ್ ಮಾಡಿ ಹೇಳುತ್ತಿದ್ದರು, ತಂಗಿ ಬರೆದುಕೊಳ್ಳುತ್ತಿದ್ದಳು. "ಫೋನ್ 7, 11:42, ಬ್ಯಾಕ್ ಒತ್ತಿ ಬಂದದ್ದು." "ಫೋನ್ 10, 11:44, ಪೂರ್ತಿ ಬರೋ ಮುಂಚೆ ಮುಚ್ಚಿದ್ದು." ಮಧ್ಯಾಹ್ನ ಒಂದಕ್ಕೆ 120 ಸಾಲು ತುಂಬಿದವು. ಆ 120 ಮಾತ್ರ ನನಗೆ ಖಚಿತ.

ಸಂಜೆ ಲಾಗ್ ತೆಗೆದೆ. ನಂಬರ್ ಇರುವ ಲಿಂಕಿನ ಸಾಲುಗಳು 108. 120ಕ್ಕೆ 108! ಹತ್ತಿರವೇ ಇದೆ, ಲಾಗೇ ಸಾಕು ಅನ್ನಿಸಿತು. ತಂಗಿ ಬಿಡಲಿಲ್ಲ. ಪುಸ್ತಕ ಹಿಡಿದು ಒಂದೊಂದೇ ಸಾಲು ಹೊಂದಿಸುತ್ತಾ ಹೋದಳು, ಆಗ ಆ 108ರ ಬಣ್ಣ ಬಯಲಾಯಿತು. ಅದರಲ್ಲಿ 12 ಸಾಲು ನಾನೇ ಲಿಂಕ್ ಕಳಿಸಿದಾಗ ನನ್ನ ಫೋನಿನ ವಾಟ್ಸಾಪ್ ತರಿಸಿಕೊಂಡದ್ದು. ನಿಜವಾಗಿ ತೆರೆದವರ ಸಾಲು 96 ಮಾತ್ರ. ಅಂದರೆ 24 ಸಲ ತೆರೆದದ್ದು ಸರ್ವರಿಗೆ ಗೊತ್ತೇ ಆಗಿಲ್ಲ. ಒಂದು ತಪ್ಪು ಕಮ್ಮಿ ಮಾಡಿತು, ಇನ್ನೊಂದು ತಪ್ಪು ಜಾಸ್ತಿ ಮಾಡಿತು, ಎರಡೂ ಸೇರಿ ನೋಡೋದಕ್ಕೆ ಸರಿಯಾದ ಲೆಕ್ಕದ ಹಾಗೆ ನಿಂತಿತ್ತು. ಇಡೀ ಮೂರು ವಾರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಮೊತ್ತ ತಾಳೆಯಾದರೆ ಸಾಲದು, ಸಾಲು ಸಾಲೂ ತಾಳೆಯಾಗಬೇಕು.

ಆ 24 ಎಲ್ಲಿ ಹೋದವು? ಪುಟ ಬೇಗ ಬರಲಿ ಅಂತ ನಾನೇ ಬ್ರೌಸರಿಗೆ 10 ನಿಮಿಷ ಕ್ಯಾಶ್ ಮಾಡು, ಅಂದರೆ ಪುಟದ ಪ್ರತಿ ನಿನ್ನ ಹತ್ತಿರವೇ ಇಟ್ಟುಕೋ, ಅಂತ ಹೇಳಿಟ್ಟಿದ್ದೆ. ಐದು ನಿಮಿಷದೊಳಗೆ ಮತ್ತೆ ತೆರೆದ 12 ಸಲ ಫೋನು ತನ್ನ ಹತ್ತಿರ ಇದ್ದ ಪ್ರತಿಯನ್ನೇ ತೋರಿಸಿದೆ. ಬ್ಯಾಕ್ ಒತ್ತಿದ 12ರಲ್ಲಿ 9 ಫೋನುಗಳು ಇಡೀ ಪುಟವನ್ನು ಮೆಮೊರಿಯಲ್ಲಿ ಹಾಗೇ ಹಿಡಿದಿಟ್ಟುಕೊಂಡಿದ್ದವು, ಒತ್ತಿದ ತಕ್ಷಣ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಗೇ ಬಂತು. ಇದಕ್ಕೆ ಬಿಎಫ್‌ಕ್ಯಾಶ್ ಅಂತಾರೆ. ಉಳಿದ 3 ಮೆಮೊರಿ ಕಮ್ಮಿ ಇರೋ ಹಳೇ ಫೋನುಗಳು, ಅವು ಪುಟವನ್ನು ಮತ್ತೆ ಕಟ್ಟಿದವು, ಆದರೆ ಅದೂ ತಮ್ಮ ಹತ್ತಿರದ ಪ್ರತಿಯಿಂದಲೇ. 12, 9, 3. ಪುಸ್ತಕದ ಜೊತೆ ಸರಿಹೋಯಿತು.

ಪಿಕ್ಸೆಲ್ ಲೆಕ್ಕ 89. ಬ್ಯಾಕ್ ಒತ್ತಿದ ಆ 9 ಇದರಲ್ಲೂ ಇಲ್ಲ, ಯಾಕಂದರೆ ಮೆಮೊರಿಯಿಂದ ಎದ್ದು ಬಂದ ಪುಟ ಚಿತ್ರವನ್ನು ಮತ್ತೆ ಕೇಳಲ್ಲ. ಜಗಳೂರಿನ ಗೆಳೆಯ ಪುಟ ಪೂರ್ತಿ ಬರುವ ಮುಂಚೆ ಮುಚ್ಚಿದ 4 ಇಲ್ಲ, ಪಿಕ್ಸೆಲ್ ಇರೋದು ಪುಟದ ಕೊನೆಯಲ್ಲಿ. ಇನ್ನು 18 ಯೂಬ್ಲಾಕ್ ಇದ್ದ ಎರಡು ಫೋನುಗಳದ್ದು. ಚಿತ್ರಕ್ಕೆ ನಾನು ಟ್ರ್ಯಾಕ್ ಅಂತಲೇ ಹೆಸರಿಟ್ಟಿದ್ದೆ. ಅಂಥ ಹೆಸರುಗಳು ತಡೆಪಟ್ಟಿಗಳಲ್ಲಿ ಮೊದಲೇ ಇರುತ್ತವೆ, ಫೈಲು ಯಾರ ಸರ್ವರಿನಲ್ಲಿದ್ದರೂ ತಡೆಯುತ್ತವೆ. ಆದರೆ ವಾಟ್ಸಾಪಿನ ಆ 12 ಇಲ್ಲಿ ಬಂದಿಲ್ಲ ನೋಡಿ, ಪುಟ ತರಿಸಿಕೊಂಡ ವಾಟ್ಸಾಪ್ ಪಿಕ್ಸೆಲ್ ಕೇಳಿಯೇ ಇಲ್ಲ. ಬಾಟ್‌ಗಳೂ ಬಹಳಷ್ಟು ಹಾಗೆಯೇ. ಪಿಕ್ಸೆಲ್ ತೋರಿಸುವ ಲೆಕ್ಕ ಕಮ್ಮಿ ಇರಬಹುದು, ಆದರೆ ಅದರಲ್ಲಿ ಕಲಬೆರಕೆ ಕಮ್ಮಿ.

ನನ್ನ ಜಾವಾಸ್ಕ್ರಿಪ್ಟ್ ಬೀಕನ್ ತೋರಿಸಿದ್ದು 221. ತೆರೆದದ್ದೇ 120! ರಾತ್ರಿ ಹನ್ನೊಂದರವರೆಗೆ ಹುಡುಕಿದೆ. ಬ್ಯಾಕ್ ಒತ್ತಿದಾಗಲೂ ಎಣಿಸಲಿ ಅಂತ ಪೇಜ್‌ಶೋ (ಪುಟ ಕಣ್ಣಿಗೆ ಬಂತು ಅಂತ ಬ್ರೌಸರ್ ತಿಳಿಸೋದು) ಅನ್ನೋ ಘಟನೆಗೂ ಎಣಿಕೆ ಕಟ್ಟಿದ್ದೆ, ಲೋಡ್ (ಪುಟ ಪೂರ್ತಿ ಇಳಿಯಿತು ಅಂತ ತಿಳಿಸೋದು) ಘಟನೆಗೂ ಕಟ್ಟಿದ್ದೆ. ಆದರೆ ಪೇಜ್‌ಶೋ ಬ್ಯಾಕ್ ಒತ್ತಿದಾಗ ಮಾತ್ರ ಅಲ್ಲ, ಮಾಮೂಲಾಗಿ ತೆರೆದಾಗಲೂ ನಡೆಯುತ್ತದೆ. ಹಾಗಾಗಿ ಮಾಮೂಲಿ 106 ಎರಡೆರಡು ಸಲ ಬಿದ್ದಿದ್ದವು, ಬ್ಯಾಕಿನ 9 ಒಂದೊಂದು ಸಲ. 212 ಮತ್ತು 9, ಒಟ್ಟು 221. ಪೇಜ್‌ಶೋ ಒಂದನ್ನೇ ಉಳಿಸಿ ಲೋಡ್ ತೆಗೆದುಹಾಕಿದೆ. ಜೋಡಿ ಸಾಲುಗಳು ಒಂದೇ ಸೆಕೆಂಡಿನಲ್ಲಿ ಬಿದ್ದಿದ್ದರಿಂದ ಆ ದಿನದ ಲೆಕ್ಕದಿಂದಲೂ ಅವನ್ನು ಬಿಡಿಸಿ ತೆಗೆಯೋದಕ್ಕೆ ಆಯಿತು. ಸರಿ ಮಾಡಿದ ಲೆಕ್ಕ 115. ಬಿಟ್ಟುಹೋದ 5 ಎಲ್ಲವೂ ಜಗಳೂರಿನವು, ಸ್ಕ್ರಿಪ್ಟ್ ಓಡುವ ಮುಂಚೆ ಮುಚ್ಚಿದವು.

ಗೂಗಲ್ ಅನಲಿಟಿಕ್ಸ್ 82. ಇದರಲ್ಲೂ ಬ್ಯಾಕಿನ 9 ಇಲ್ಲ, ಯೂಬ್ಲಾಕಿನ 18 ಇಲ್ಲ. ಹೊರಗಿನ ಸರ್ವರಿನಿಂದ ದೊಡ್ಡ ಸ್ಕ್ರಿಪ್ಟ್ ಬರಬೇಕಲ್ವಾ, ಅದಕ್ಕೆ ನಿಧಾನ ನೆಟ್‌ನಲ್ಲಿ ಮತ್ತು ಬಸ್ಸಿನಲ್ಲಿ ಸೇರಿ 11 ಹೋದವು. ಇದನ್ನು ಗೂಗಲ್ಲಿನ ತಪ್ಪು ಅನ್ನಲ್ಲ ನಾನು. ಅದು ತನ್ನ ಸ್ಕ್ರಿಪ್ಟ್ ಓಡಿದ ಸಲಗಳನ್ನು ಎಣಿಸುತ್ತದೆ, ಓಡಿದಷ್ಟನ್ನು ಸರಿಯಾಗಿಯೇ ಎಣಿಸಿದೆ. ಪುಟಕ್ಕೆ ಹೇಗೆ ಬಂದರು, ಎಷ್ಟು ಹೊತ್ತು ಇದ್ದರು ಅನ್ನೋದನ್ನು ಲಾಗಿನಿಂದ ತೆಗೆಯೋದಕ್ಕಿಂತ ಅಲ್ಲಿ ನೋಡೋದು ಎಷ್ಟೋ ಸುಲಭ.  

ಒಂದು ಎಚ್ಚರಿಕೆ. 120ಕ್ಕೆ 82 ಅಂದರೆ ಇಷ್ಟು ಶೇಕಡಾ, ಅದನ್ನೇ ಎಲ್ಲಾ ಸೈಟಿಗೂ ಹಚ್ಚೋಣ ಅಂತ ಯಾರೂ ಹೋಗಬೇಡಿ. ಈ 120ರಲ್ಲಿ ತೊಂದರೆ ಕೊಡುವ ಸಂದರ್ಭಗಳನ್ನು ನಾನೇ ಬೇಕಂತ ತುಂಬಿದ್ದೆ. ಯಾವ ದಾರಿ ಎಲ್ಲಿ ಎಡವುತ್ತದೆ ಅಂತ ಈ ಪರೀಕ್ಷೆ ಹೇಳುತ್ತದೆ. ಎಷ್ಟು ಸಲ ಎಡವುತ್ತದೆ ಅನ್ನೋದು ನಿಮ್ಮ ಸೈಟಿಗೆ ಬರುವ ಜನರ ಮೇಲೆ ನಿಂತಿದೆ.

ಇದೆಲ್ಲ ತೆರೆದ ಸಲಗಳ ಮಾತು. ಅಂಗಡಿಯವರು ಕೇಳಿದ್ದು ಮಂದಿ ಎಷ್ಟು ಅಂತ. ಅಲ್ಲಿ ನಾಲ್ಕೂ ಸೋತವು. ಗೋಆಕ್ಸೆಸ್ ಒಂದೇ ದಿನ, ಒಂದೇ ಐಪಿ, ಒಂದೇ ಬ್ರೌಸರ್ ಹೆಸರು ಇದ್ದರೆ ಒಬ್ಬ ಅಂತ ಲೆಕ್ಕ ಹಾಕುತ್ತದೆ. ನಮ್ಮ ಮನೆಯ ಐದು ಫೋನಿಗೂ ಹೊರಗೆ ಕಾಣುವ ಐಪಿ ಒಂದೇ. ಅದರಲ್ಲಿ ನಾಲ್ಕರಲ್ಲಿ ಒಂದೇ ವರ್ಷನ್ನಿನ ಕ್ರೋಮ್. ಲಾಗ್ ತೆಗೆದು ನೋಡಿದರೆ ನಾಲ್ಕೂ ಅಕ್ಷರ ಅಕ್ಷರ ಒಂದೇ: ಆಂಡ್ರಾಯ್ಡ್ 10, ಕೆ. ನಮ್ಮಲ್ಲಿ ಒಂದು ಫೋನಿನಲ್ಲೂ ಆಂಡ್ರಾಯ್ಡ್ 10 ಇಲ್ಲ, ಕೆ ಅನ್ನೋ ಮಾಡೆಲ್ಲೂ ಇಲ್ಲ. ಫೋನನ್ನು ಗುರುತು ಹಿಡಿಯೋದು ಕಷ್ಟವಾಗಲಿ ಅಂತ 2023ರಿಂದ ಆಂಡ್ರಾಯ್ಡ್ ಕ್ರೋಮ್ ಎಲ್ಲಾ ಫೋನುಗಳ ಬಗ್ಗೆಯೂ ಇದೊಂದನ್ನೇ ಹೇಳುತ್ತದೆ. ಹಂಗಾಗಿ ಅಪ್ಪ, ಅಮ್ಮ, ತಂಗಿ, ನಾನು ನಾಲ್ವರೂ ಸೇರಿ ಲಾಗಿಗೆ ಒಬ್ಬರು. ಅದೇ ಹರಿಹರದ ಬಸ್ಸಿನಲ್ಲಿದ್ದ ಅತ್ತೆ ಮಗನ ಒಂದು ಫೋನಿನ ಐಪಿ ದಾರಿಯಲ್ಲಿ ಎರಡು ಸಲ ಬದಲಾಗಿ ಅವನೊಬ್ಬನೇ ಮೂವರಾದ.

ಗೂಗಲ್ ಕುಕಿ ಇಟ್ಟು ಎಣಿಸುತ್ತದೆ, ಅದು 13 ಬಳಕೆದಾರರು ಅಂದಿತು. ಯೂಬ್ಲಾಕಿನ ಎರಡು ಬಿಟ್ಟು 10 ಫೋನು, ಜೊತೆಗೆ ಇನ್‌ಕಾಗ್ನಿಟೊದ 3 ಹೊಸ ಕುಕಿ. ಇದ್ದ ಮಂದಿ 11. ಒಂದೇ ದಿನಕ್ಕೆ ಇಷ್ಟು. ತಿಂಗಳ ಲೆಕ್ಕಕ್ಕೆ ಹೋದರೆ ಇನ್ನೂ ದೂರ ಹೋಗುತ್ತದೆ, ಯಾಕಂದರೆ ಐಫೋನಿನ ಸಫಾರಿಯಲ್ಲಿ ಸ್ಕ್ರಿಪ್ಟ್ ಇಟ್ಟ ಕುಕಿಗೆ 2019ರಿಂದ 7 ದಿನದ ಆಯಸ್ಸು. ಹತ್ತು ದಿನಕ್ಕೊಮ್ಮೆ ಬರುವವ ಪ್ರತಿ ಸಲವೂ ಹೊಸಬ.

ಎರಡನೇ ಭಾನುವಾರ ಅದೇ ಪಟ್ಟಿ ಮತ್ತೆ. ಈ ಸಲ ಪಿಕ್ಸೆಲ್ಲಿನ ಹೆಸರನ್ನು ಯಾವುದೋ ಮಾಮೂಲಿ ಗೆರೆಯ ಚಿತ್ರದ ಹೆಸರಿಗೆ ಬದಲಿಸಿದೆ. ಆ 18 ವಾಪಸ್ ಬಂದವು, 107 ಆಯಿತು. ತಡೆ ಹಾಕಿದ್ದು ಬರೀ ಹೆಸರಿಗೆ ಅಂತ ಖಾತ್ರಿಯಾಯಿತು. ಮೊದಲ ವಾರದ ಬೀಕನ್ನಿಗೆ ಯೂಬ್ಲಾಕ್ ಅಡ್ಡ ಬರದೇ ಇದ್ದದ್ದೂ ಅದೇ ಕಾರಣಕ್ಕೆ, ಅದರ ಹೆಸರು ಯಾವ ಪಟ್ಟಿಯಲ್ಲೂ ಇರುವಂಥದ್ದಲ್ಲ.

ಇಲ್ಲಿ ನನಗೆ ಮನಸ್ಸು ಒಪ್ಪಲಿಲ್ಲ. ಗೆಳೆಯರಿಬ್ಬರೂ ಪರೀಕ್ಷೆಗೆ ಅಂತ ಒಪ್ಪಿ ಕೂತವರು, ಅದು ಬೇರೆ. ಆದರೆ ನನ್ನನ್ನು ಎಣಿಸಬೇಡಿ ಅಂತ ತಡೆ ಹಾಕಿಕೊಂಡ ಓದುಗನನ್ನು ಹೆಸರು ಮರೆಸಿ ಎಣಿಸೋದು ಸರಿ ಅಲ್ಲ. ನಾನು ಐಪಿ ಬರೆದುಕೊಳ್ಳಲ್ಲ, ಕುಕಿ ಇಡಲ್ಲ ಅನ್ನೋದು ನನಗೆ ಗೊತ್ತು, ಅವನಿಗೆ ಹೇಗೆ ಗೊತ್ತಾಗಬೇಕು? ಬೀಕನ್ನಿಗೂ ಪಿಕ್ಸೆಲ್ಲಿಗೂ ಎಣಿಕೆ ಅಂತ ಗೊತ್ತಾಗುವ ಹೆಸರನ್ನೇ ಇಟ್ಟೆ. ಪುಟದ ಕೆಳಗೆ ಎರಡು ಸಾಲಿನಲ್ಲಿ ಏನು ಎಣಿಸುತ್ತೇವೆ ಅಂತ ಬರೆದೆ. ಸರ್ವರ್ ಲಾಗಿನಲ್ಲಿ ಐಪಿಯ ಕೊನೆಯ ತುಂಡನ್ನು ಸೊನ್ನೆ ಮಾಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಡದ ಮಾಹಿತಿ ಕೂಡಿಟ್ಟುಕೊಳ್ಳದೇ ಇರೋದು ನನಗೂ ನೆಮ್ಮದಿ. ತಡೆ ಹಾಕಿದವರು ಸುಮಾರು ಎಷ್ಟಿದ್ದಾರೆ ಅಂತ ಬೇಕಿದ್ದರೆ, ಬಾಟ್ ತೆಗೆದ ಲಾಗಿನಲ್ಲಿ ಪುಟ ಇದ್ದು ಹಿಂದೆಯೇ ಪಿಕ್ಸೆಲ್ ಬರದ ಸಾಲುಗಳನ್ನು ನೋಡಿದರೆ ಅಂದಾಜು ಸಿಗುತ್ತದೆ. ನಮ್ಮಲ್ಲಿ ಅವರು ತೀರಾ ಕಮ್ಮಿ.

ಕೊನೆಗೆ ಉಳಿಸಿಕೊಂಡದ್ದು ಎರಡೇ. ದಿನದ ಲೆಕ್ಕಕ್ಕೆ ಬೀಕನ್, ಅದು ಹಾದಿ ತಪ್ಪಿಲ್ಲ ಅಂತ ನೋಡೋದಕ್ಕೆ ಸೋಸಿದ ಲಾಗ್. ಗೂಗಲ್ ಸ್ಕ್ರಿಪ್ಟ್ ತೆಗೆದೆ, ಜಗಳೂರಿನ ಗೆಳೆಯ ಪುಟ ಈಗ ಬೇಗ ಬರುತ್ತೆ ಅಂದ. ಲಾಗ್ ಫೈಲುಗಳನ್ನು ಸರ್ವರ್ 14 ದಿನಕ್ಕೆ ಅಳಿಸುತ್ತಿತ್ತು, ದಿನದ ಮೊತ್ತವನ್ನು ಮಾತ್ರ ಬೇರೆ ಫೈಲಿಗೆ ಬರೆದಿಡುವ ಹಾಗೆ ಮಾಡಿದೆ. ಎಲ್ಲ ಸರಿಮಾಡಿದ ಮೇಲೆ ಒಂದು ಮಾಮೂಲಿ ಸಂತೆಯ ದಿನ ಬೀಕನ್ ಹೇಳಿದ್ದು 1,146. ಅದೇ ದಿನ ಸೋಸಿದ ಲಾಗ್ ಅದಕ್ಕಿಂತ ಸುಮಾರು ನೂರು ಕಮ್ಮಿ. ಕ್ಯಾಶಿನಿಂದ ತೆರೆದದ್ದು, ಬ್ಯಾಕ್ ಒತ್ತಿದ್ದು ಲಾಗಿಗೆ ಸಿಗಲ್ಲ ಅಂತ ಈಗ ಗೊತ್ತಲ್ವಾ, ಹಾಗಾಗಿ ಆ ನೂರಕ್ಕೆ ಕಾರಣ ಹೇಳಬಲ್ಲೆ.

ಅಂಗಡಿಗೆ ಹೋಗಿ ಒಂದು ಹಾಳೆ ಕೊಟ್ಟೆ. ದಿನಕ್ಕೆ ಸುಮಾರು 1,100 ಸಲ ಪುಟ ತೆರೆಯುತ್ತಾರೆ, ಎಷ್ಟು ಮಂದಿ ಅಂತ ನಾನು ಹೇಳಲಾರೆ ಅಣ್ಣಾ ಅಂದೆ. ಅವರು ಹಾಳೆ ಓದಿ, "ನಮ್ಮೂರಾಗೆ ಒಬ್ಬ ನೋಡಿ ಕಟ್ಟೆ ಮೇಲೆ ಕುಂತ ಹತ್ತು ಮಂದಿಗೆ ಓದಿ ಹೇಳ್ತಾನ, ಅದನ್ನ ಯಾವ ಮಿಷನ್ನೂ ಹಿಡಿಯಾದಿಲ್ಲ ಬಿಡು" ಅಂದು ಮುಂಗಡ ಕೊಟ್ಟರು. ಜೊತೆಗೆ ಬಿಲ್ ಪುಸ್ತಕದ ಹಿಂದಿನ ರಟ್ಟು ತಿರುಗಿಸಿ, ಸೈಟಿನಲ್ಲಿ ನೋಡಿ ಬಂದೆ ಅಂದವರಿಗೆ ಒಂದೊಂದು ಗೀಟು ಹಾಕ್ತೀನಿ ಅಂದರು.

ಮೊದಲ ವಾರ 14 ಗೀಟು ಬಿದ್ದಿದ್ದವು. ಜಾಹೀರಾತಿನ ಮೇಲೆ ಒತ್ತಿದ್ದು ನನ್ನ ಲೆಕ್ಕದಲ್ಲಿ 61. ಒಬ್ಬರೇ ಎರಡು ಮೂರು ಸಲ ಒತ್ತಿರಬಹುದು, ಬೆರಳು ತಾಗಿ ಒತ್ತಿದ್ದೂ ಇರಬಹುದು, ಆ ಬಟನ್ ರೇಟಿನ ಪಟ್ಟಿಗೆ ತೀರಾ ಹತ್ತಿರ ಇದೆ. ಈ ಭಾನುವಾರ ಅದನ್ನು ಎರಡು ಬೆರಳಷ್ಟು ಕೆಳಗೆ ಇಳಿಸಿ, ಕೆಂಪು ಪುಸ್ತಕ ಹಿಡಿದು ಮತ್ತೆ ಕೂರುತ್ತೇವೆ. ತಂಗಿ ಆಗಲೇ ಹೊಸ ಹಾಳೆಗೆ ಗೆರೆ ಎಳೆದಿಟ್ಟಿದ್ದಾಳೆ.